ದೀಪದ ಹೆಸರು, ದೀಪದ ಊರು

ವಸ್ತುವಿನ ಹೆಸರನ್ನೇ ಅದರ ಇತಿಹಾಸವೆಂದು ನಂಬಬಹುದೇ? ಪೆಸಿಫಿಕ್ ಸಾಗರದ ಪಾಲಿನೇಷ್ಯಾ ದ್ವೀಪಗಳ ಹೆಸರು ಹೊತ್ತ ಹೋಟೆಲುಗಳು 1930ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದವು. ಡಾನ್ ದ ಬೀಚ್‌ಕೂಂಬರ್, ಟ್ರೇಡರ್ ವಿಕ್ಸ್ ಅವುಗಳಲ್ಲಿ ಪ್ರಸಿದ್ಧ. ಇಂತಹ ಹೋಟೆಲುಗಳಲ್ಲಿ ಹಗ್ಗದ ಬಲೆಯೊಳಗೆ ತೂಗುತ್ತಿದ್ದ ಅನೇಕ ಗಾಜಿನ ಗೋಳದೀಪಗಳು ಮೂಲತಃ ದೀಪಗಳೇ ಅಲ್ಲ. ಮೀನಿನ ಬಲೆ ಮುಳುಗದಂತೆ ಜಪಾನಿನ ಬೆಸ್ತರು ಕಟ್ಟುತ್ತಿದ್ದ ತೇಲುಗುಂಡುಗಳು. ಸುಮಾರು 1840ರ ದಶಕದಲ್ಲಿ ನಾರ್ವೆಯಲ್ಲಿ ಬಳಕೆಗೆ ಬಂದ ಗುಂಡು ಇದು. ಬಲೆಯಿಂದ ಕಳಚಿದವು ತೇಲುತ್ತಾ ಅಮೆರಿಕದ ದಡವನ್ನೂ ಸೇರುತ್ತಿದ್ದವು.

ಹಾಗಾದರೆ ದ್ವೀಪವಾಸಿಗಳ ದೀಪ ಯಾವುದು? ಹವಾಯಿಯ ಜನರು ಎಣ್ಣೆ ತುಂಬಿದ ಕುಕುಯಿ ಬೀಜಗಳನ್ನು ತೆಂಗಿನ ಗರಿಯ ಕಡ್ಡಿಗೆ ಪೋಣಿಸಿ, ಒಂದಾದ ಮೇಲೊಂದು ಉರಿಸುತ್ತಿದ್ದರು. ಹೋಟೆಲಿನವರು ಅವರ ಹೆಸರನ್ನು ಪಡೆದರು, ದೀಪವನ್ನಲ್ಲ.

ವಿದ್ಯಾರ್ಥಿಗಳೇ, ಹೆಸರು ಓದಿ ತೃಪ್ತರಾಗಬೇಡಿ. ಮಾಡಿದವರು ಯಾರು, ಯಾವ ಕೆಲಸಕ್ಕೆ ಎಂದು ಕೇಳಿ. ಆಗಲೇ ಅವರವರ ಶ್ರಮ ಅವರವರಿಗೆ ಸಲ್ಲುತ್ತದೆ.