ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್: ಫೋಟೋ ತೆಗೆದಿಟ್ಟುಕೊಂಡರೆ ಮನೆಯಲ್ಲೇ ಜೋಡಿಸಬಹುದೇ?

‘ಬಿಚ್ಚುವಾಗ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಅದೇ ಕ್ರಮದಲ್ಲಿ ವಾಪಸ್ ಜೋಡಿಸಿ, ಮೆಕ್ಯಾನಿಕ್‌ಗೆ ಕೊಡುವ ದುಡ್ಡು ಉಳಿಸಿ.’ ಕಾರಿನ ರಿಪೇರಿ ಬಗ್ಗೆ ಇಂಥ ಸಲಹೆ ನಿಮಗೂ ಬಂದಿರಬಹುದು. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ವಿಷಯದಲ್ಲಿ ಇದು ಅರ್ಧ ಮಾತ್ರ ನಿಜ. ಉಳಿದರ್ಧವನ್ನು ನಂಬಿದರೆ ಓಡುವ ಕಾರಿನಿಂದ ಚಕ್ರವೇ ಹೊರಬರಬಹುದು.

ಇದರ ಕೆಲಸವೇನು?

ತಿರುವಿನಲ್ಲಿ ಹೊರಬದಿಯ ಚಕ್ರ ಒಳಬದಿಯ ಚಕ್ರಕ್ಕಿಂತ ಹೆಚ್ಚು ದೂರ ಉರುಳಬೇಕು. ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವುದೇ ಡಿಫರೆನ್ಷಿಯಲ್. ಆದರೆ ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಕೆಸರಿಗೆ ಬಿದ್ದರೆ ಅದೊಂದೇ ಗಿರಗಿರ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಚಕ್ರ ಮಿಸುಕುವುದಿಲ್ಲ. ಇದನ್ನು ತಡೆಯಲು ಎಲ್‌ಎಸ್‌ಡಿಯಲ್ಲಿ (ಇದು ಆ ಮಾದಕವಸ್ತು ಅಲ್ಲ!) ಕ್ಲಚ್ ಪ್ಲೇಟುಗಳ ಕಟ್ಟು ಇರುತ್ತದೆ. ಅವು ಒತ್ತಿಕೊಂಡಿರುವುದರಿಂದ ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಸ್ವಲ್ಪ ಬಲ ಹೋಗುತ್ತದೆ.

ನಮ್ಮ ರಸ್ತೆಗಳಲ್ಲಿ ಓಡುವ ಹೆಚ್ಚಿನ ಸಣ್ಣ ಕಾರುಗಳಲ್ಲಿ ಇದು ಇರುವುದೇ ಇಲ್ಲ. ಕೆಲವು ಕಾರುಗಳ ಜಾಹೀರಾತಿನಲ್ಲಿ ಬರುವ ‘ಎಲೆಕ್ಟ್ರಾನಿಕ್’ ಎಲ್‌ಎಸ್‌ಡಿ ಹೆಚ್ಚಾಗಿ ಜಾರುವ ಚಕ್ರಕ್ಕೆ ಬ್ರೇಕ್ ಹಾಕುವ ವ್ಯವಸ್ಥೆ ಅಷ್ಟೇ, ಅದರಲ್ಲಿ ಬಿಚ್ಚಲು ಪ್ಲೇಟುಗಳೇ ಇಲ್ಲ. ಮನೆಯ ಗ್ಯಾರೇಜಿನಲ್ಲೇ ಈ ಕೆಲಸ ಮಾಡುವವರು ಅಮೆರಿಕದಲ್ಲಿ ಸಾಕಷ್ಟಿದ್ದಾರೆ. ಅಲ್ಲಿ ಅವರ ಕೈಗೆ ಹೆಚ್ಚಾಗಿ ಸಿಗುವುದು ಫೋರ್ಡ್‌ನ 8.8 ಇಂಚಿನ ಹಿಂದಿನ ಆಕ್ಸಲ್. ವಿ8 ಎಂಜಿನ್ನಿನ ಮಸ್ಟಾಂಗ್‌ಗೆ ಇದು ಬಂದದ್ದು 1986ರಲ್ಲಿ. ಅದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಫೋಟೋ ಏಕೆ ಸಾಲದು?

ಕಟ್ಟಿನಲ್ಲಿ ಎರಡು ಜಾತಿಯ ಪ್ಲೇಟುಗಳಿವೆ. ಘರ್ಷಣೆಯ ಲೇಪವಿರುವವು ಒಳಗಿನ ಹಲ್ಲುಗಳಿಂದ ಸೈಡ್ ಗೇರ್‌ಗೆ ಕೂರುತ್ತವೆ. ಬರೀ ಉಕ್ಕಿನವು ಹೊರಗಿನ ಕಿವಿಗಳಿಂದ ಕೇಸ್‌ಗೆ ಸಿಕ್ಕಿಕೊಳ್ಳುತ್ತವೆ. ಒಂದಾದ ಮೇಲೊಂದು ಬಂದರೆ ಮಾತ್ರ ಉಜ್ಜುವಿಕೆ. ಒಂದೇ ಜಾತಿಯ ಎರಡು ಅಕ್ಕಪಕ್ಕ ಬಂದರೆ ಅವು ಜೊತೆಯಲ್ಲೇ ತಿರುಗುತ್ತವೆ, ಆ ಜಾಗದಲ್ಲಿ ಹಿಡಿತ ಸೊನ್ನೆ. ಈ ಕ್ರಮವನ್ನು ಫೋಟೋ ತೋರಿಸುತ್ತದೆ, ನಿಜ.

ತೋರಿಸದಿರುವುದು ದಪ್ಪವನ್ನು. ಹಳೆಯ ಪ್ಲೇಟು ಸವೆದಿರುತ್ತದೆ, ಹೊಸದು ದಪ್ಪವಾಗಿರುತ್ತದೆ. ಕಟ್ಟಿನ ಒಟ್ಟು ದಪ್ಪವನ್ನು ಅಳೆದು, ಅದಕ್ಕೆ ಹೊಂದುವ ಶಿಮ್ ಆರಿಸಬೇಕು. ದಪ್ಪ ಹೆಚ್ಚಾದರೆ ಗೇರ್‌ಗಳು ಕೂರುವುದಿಲ್ಲ ಅಥವಾ ಬಿಗಿಯುತ್ತವೆ, ಕಡಿಮೆಯಾದರೆ ಖರ್ಚು ಮಾಡಿಯೂ ಸಾಮಾನ್ಯ ಡಿಫರೆನ್ಷಿಯಲ್ ಇದ್ದಂತೆಯೇ. ಅಳತೆಯ ಉಪಕರಣ ಇಲ್ಲದವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಈ ಆಕ್ಸಲ್‌ನಲ್ಲಿ ಒಂದು ಅನುಕೂಲವಿದೆ. ಕೇಸನ್ನು ಹೊರಗೆ ತೆಗೆಯದೆ, ಹಿಂಬದಿಯ ಮುಚ್ಚಳ ಬಿಚ್ಚಿ ಅಲ್ಲಿಂದಲೇ ಪ್ಲೇಟು ಬದಲಿಸಬಹುದು. ಆಗ ಕ್ರೌನ್ ಮತ್ತು ಪಿನಿಯನ್ ನಡುವಿನ ಸಂದು ಬದಲಾಗುವುದಿಲ್ಲ. ಕೇಸ್ ಹೊರಬಂದರೆ ಕಥೆ ಬೇರೆ. ಬೇರಿಂಗ್ ಕ್ಯಾಪುಗಳು, ಪಕ್ಕದ ಶಿಮ್‌ಗಳು ಎಡದ್ದು ಎಡಕ್ಕೆ, ಬಲದ್ದು ಬಲಕ್ಕೇ ಹೋಗಬೇಕು. ಆಮೇಲೆ ಡಯಲ್ ಗೇಜ್ ಇಟ್ಟು ಸಂದು ಅಳೆಯಬೇಕು. ಅದು ಮಿಲಿಮೀಟರಿನ ಹತ್ತನೇ ಭಾಗಗಳ ಲೆಕ್ಕ, ಕಣ್ಣಂದಾಜು ನಡೆಯುವುದಿಲ್ಲ.

ಅಪಾಯ ಎಲ್ಲಿದೆ?

ಮೊದಲನೆಯದು ಸ್ಪ್ರಿಂಗ್. ಗೇರ್‌ಗಳ ನಡುವೆ ಇಂಗ್ಲಿಷಿನ ‘ಎಸ್’ ಆಕಾರದ ಗಟ್ಟಿ ಸ್ಪ್ರಿಂಗ್ ಒತ್ತಿ ಕೂತಿರುತ್ತದೆ. ಹೊರತೆಗೆಯುವಾಗ ಮುಖಕ್ಕೆ ಸಿಡಿಯಬಹುದು. ಕನ್ನಡಕ ಹಾಕಿಕೊಂಡು, ಬಟ್ಟೆ ಅಡ್ಡ ಹಿಡಿದೇ ತೆಗೆಯಬೇಕು.

ಇನ್ನೂ ಗಂಭೀರವಾದದ್ದು ಸಿ-ಕ್ಲಿಪ್. ಇಂಥ ಆಕ್ಸಲ್‌ನಲ್ಲಿ ಚಕ್ರದ ಶಾಫ್ಟನ್ನು ಒಳಗೆ ಹಿಡಿದಿಡುವುದು ಈ ಸಣ್ಣ ಕ್ಲಿಪ್. ಅದು ಜಾರದಂತೆ ತಡೆಯುವುದು ನಡುವಿನ ಪಿನ್, ಪಿನ್ನನ್ನು ಹಿಡಿಯುವುದು ಒಂದೇ ಒಂದು ಸಣ್ಣ ಬೋಲ್ಟ್. ಕ್ಲಿಪ್ ಸರಿಯಾಗಿ ಕೂರದಿದ್ದರೆ ಅಥವಾ ಬೋಲ್ಟ್ ಸಡಿಲವಾದರೆ ಶಾಫ್ಟ್ ಸಮೇತ ಚಕ್ರ ಹೊರಗೆ ಜಾರುತ್ತದೆ. ಹಳೆಯ ಬೋಲ್ಟ್ ಬಿಸಾಕಿ ಹೊಸದನ್ನೇ ಹಾಕಿ, ಕಂಪನಿ ಹೇಳಿದಷ್ಟೇ ಬಿಗಿಯಿರಿ.

ಮೂರನೆಯದನ್ನು ಕೆಲಸ ಮುಗಿದ ಖುಷಿಯಲ್ಲಿ ಹಲವರು ಮರೆಯುತ್ತಾರೆ. ಒಂದೇ ಹಿಂದಿನ ಚಕ್ರವನ್ನು ಜಾಕ್ ಕೊಟ್ಟು ಎತ್ತಿ, ಎಂಜಿನ್ ಆನ್ ಮಾಡಿ ಗೇರ್ ಹಾಕಬೇಡಿ. ಎಲ್‌ಎಸ್‌ಡಿ ನೆಲದ ಮೇಲಿರುವ ಚಕ್ರಕ್ಕೂ ಬಲ ಕೊಡುವುದರಿಂದ ಕಾರು ಜಾಕ್‌ನಿಂದ ಮುಂದಕ್ಕೆ ಹಾರುತ್ತದೆ.

ಪರೀಕ್ಷೆ ಮಾಡುವ ಸರಿಯಾದ ಕ್ರಮ ಇದು: ಎಂಜಿನ್ ಆಫ್, ಗೇರ್ ನ್ಯೂಟ್ರಲ್, ನೆಲದ ಮೇಲಿನ ಚಕ್ರಗಳಿಗೆ ಅಡ್ಡಗಟ್ಟೆ, ಎತ್ತಿದ ಕಡೆ ಗಟ್ಟಿ ಸ್ಟ್ಯಾಂಡ್. ಎತ್ತಿದ ಚಕ್ರವನ್ನು ಟಾರ್ಕ್ ರೆಂಚ್‌ನಿಂದ ತಿರುಗಿಸಿ. ಅದು ಮಿಸುಕಲು ಕನಿಷ್ಠ 27 ನ್ಯೂಟನ್ ಮೀಟರ್ ಬಲ ಬೇಕು ಎನ್ನುವುದು ಫೋರ್ಡ್‌ನ ಈ ಆಕ್ಸಲ್‌ಗಿರುವ ಲೆಕ್ಕ. ಬೇರೆ ಕಾರಿಗೆ ಅದರದೇ ಮ್ಯಾನ್ಯುಯಲ್ ನೋಡಬೇಕು.

ಯಾವ ಆಯಿಲ್ ಆದರೂ ನಡೆಯುತ್ತದೆಯೇ?

ಇಲ್ಲ. ಹೊಸ ಪ್ಲೇಟುಗಳನ್ನು ಜೋಡಿಸುವ ಮೊದಲೇ ಆಯಿಲ್‌ನಲ್ಲಿ ನೆನೆಸಬೇಕು. ಗೇರ್ ಆಯಿಲ್‌ಗೆ ‘ಫ್ರಿಕ್ಷನ್ ಮಾಡಿಫೈಯರ್’ ಎಂಬ ದ್ರವವನ್ನೂ ಸೇರಿಸಬೇಕು, ಮಸ್ಟಾಂಗ್‌ನಲ್ಲಿ ಸುಮಾರು 118 ಮಿಲಿಲೀಟರ್. ಅದಿಲ್ಲದಿದ್ದರೆ ನಿಧಾನದ ತಿರುವಿನಲ್ಲಿ ಹಿಂದಿನಿಂದ ಕಟಕಟ ಸದ್ದು, ನಡುಕ. ‘ಜಾಸ್ತಿ ಹಾಕಿದರೆ ಒಳ್ಳೆಯದು’ ಎನ್ನುವುದೂ ಸುಳ್ಳು, ಪ್ಲೇಟುಗಳು ಜಾರಿ ಹಿಡಿತ ಕಡಿಮೆಯಾಗುತ್ತದೆ. ಕೆಲವು ಆಯಿಲ್‌ಗಳಲ್ಲಿ ಇದು ಮೊದಲೇ ಬೆರೆತಿರುತ್ತದೆ, ಡಬ್ಬಿಯ ಮೇಲೆ ಓದಿ.

ಟಾರ್ಸೆನ್ ಮಾದರಿಯಲ್ಲಿ ಇಂಥ ಪ್ಲೇಟುಗಳ ಕಟ್ಟು ಇಲ್ಲ, ಕೆಲಸವೆಲ್ಲ ಗೇರ್‌ಗಳದ್ದೇ. ಸಿಲಿಕೋನ್ ದ್ರವ ತುಂಬಿ ಸೀಲ್ ಮಾಡಿರುವ ವಿಸ್ಕಸ್ ಮಾದರಿ ಕೆಟ್ಟರೆ ಇಡಿಯಾಗಿ ಬದಲಿಸುವುದೇ ರೂಢಿ. ಪ್ಲೇಟಿನ ಮಾದರಿಯಾದರೆ ಜೋಡಣೆ ಮುಗಿದ ಮೇಲೆ ಖಾಲಿ ಮೈದಾನದಲ್ಲಿ ನಿಧಾನವಾಗಿ ಇಂಗ್ಲಿಷಿನ 8ರ ಆಕಾರದಲ್ಲಿ ಹಲವು ಸುತ್ತು ಓಡಿಸಿ, ಆಯಿಲ್ ಪ್ಲೇಟುಗಳ ನಡುವೆ ಸೇರುತ್ತದೆ. ಕಾರು ತಣ್ಣಗಾದ ಮೇಲೆ ಮುಚ್ಚಳದ ಸುತ್ತ ಸೋರಿಕೆ ಇದೆಯೇ ನೋಡಿ, ಆಯಿಲ್ ಮಟ್ಟವನ್ನೂ ಇನ್ನೊಮ್ಮೆ ಪರೀಕ್ಷಿಸಿ.