ಶ್ರುತಿ: ಕೇಳ್ಮೆಯಿಂದ ನಾದಕ್ಕೆ

ಶ್ರುತಿ (ನಾ.)

ಆಮಂತ್ರಣ ಪತ್ರಿಕೆಗಳಲ್ಲಿ 'ಶೃತಿ' ಎಂದು ಮತ್ತೆ ಮತ್ತೆ ಅಚ್ಚಾಗುವ ಈ ಪದಕ್ಕೆ, ಕೇಳು ಎಂಬರ್ಥದ 'ಶ್ರು' ಧಾತುವೇ ಮೂಲವಾದುದರಿಂದ, 'ಶ್ರುತಿ' ಎಂಬುದೊಂದೇ ಸಾಧುರೂಪ; 'ಶೃಂಗಾರ'ದ ಋಕಾರಕ್ಕೆ ಇಲ್ಲಿ ಎಡೆಯಿಲ್ಲ. ಗುರುಮುಖದಿಂದ ಕೇಳಿಯೇ ಕಲಿಯಬೇಕಾದ ವೇದಕ್ಕೂ, ಕೇಳುವ ಕಿವಿಗೂ ಈ ಹೆಸರು ಸಂದಿದೆ. ಭರತನ ನಾಟ್ಯಶಾಸ್ತ್ರವು ಸಪ್ತಕವನ್ನು 22 ಶ್ರುತಿಗಳಾಗಿ ವಿಂಗಡಿಸಿ, ಷಡ್ಜಗ್ರಾಮದಲ್ಲಿ ಷಡ್ಜ, ಮಧ್ಯಮ, ಪಂಚಮಗಳಿಗೆ ನಾಲ್ಕು ನಾಲ್ಕನ್ನೂ ರಿಷಭ, ಧೈವತಗಳಿಗೆ ಮೂರು ಮೂರನ್ನೂ ಗಾಂಧಾರ, ನಿಷಾದಗಳಿಗೆ ಎರಡೆರಡನ್ನೂ ಹಂಚುವಲ್ಲಿ, ಪದವು ಕಿವಿ ಬೇರ್ಪಡಿಸಿ ಗುರುತಿಸಬಲ್ಲ ಸೂಕ್ಷ್ಮ ನಾದಾಂತರ ಎಂಬ ಅರ್ಥವನ್ನು ತಳೆಯುತ್ತದೆ. (ಈ ಎಣಿಕೆಯ ಕುರಿತು ಶಾಸ್ತ್ರಜ್ಞರು ಮಾಡಿದಷ್ಟು ಜಗಳವನ್ನು ಹಾಡುವವರು ಮಾಡಿದಂತಿಲ್ಲ.)

ಇಂದಿನ ಕರ್ನಾಟಕ ಸಂಗೀತದ ಕಛೇರಿಯಲ್ಲಾದರೋ ಗಾಯಕರು ಆಧಾರವಾಗಿ ಹಿಡಿಯುವ ಷಡ್ಜವೂ, ಅದನ್ನು ಎಡೆಬಿಡದೆ ಮೀಟುವ ತಂಬೂರಿಯ ನಾದವೂ ಶ್ರುತಿಯೇ. ಬಿರಡೆ ತಿರುಗಿಸಿ, ತಂತಿಗೂ ಕುದುರೆಗೂ ನಡುವೆ ಸಿಕ್ಕಿಸಿದ ನೂಲಿನೆಳೆಯನ್ನು ತುಸು ಸರಿಸಿ ಝೇಂಕಾರ ಬರಿಸುವ ಕೆಲಸವೆಲ್ಲ 'ಶ್ರುತಿ ಮಾಡುವುದು' ಎಂಬ ಮಾತಿನೊಳಗೆ ಅಡಗಿದೆ. ಹಿಂದೂಸ್ತಾನಿ ಗಾಯಕರು ಈ ಆಧಾರನಾದವನ್ನು 'ಸುರ್' ಎಂದು ಕರೆದು, ಶ್ರುತಿಯನ್ನು ಸೂಕ್ಷ್ಮನಾದಕ್ಕೇ ಮೀಸಲಿಡುತ್ತಾರೆ. ತಮಿಳಿನಲ್ಲಿ 'ಸುರುದಿ'ಯಾಗುವ ಆಧಾರಶ್ರುತಿಯ ಎತ್ತರವನ್ನು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಅಲ್ಲಿನವರು 'ಕಟ್ಟೈ'ಗಳಲ್ಲಿ ಹೇಳಿದರೆ, ಯಕ್ಷಗಾನದ ಭಾಗವತರು 'ಬಿಳಿ ಎರಡು', 'ಕಪ್ಪು ಮೂರು' ಎಂದೇ ಹೇಳುತ್ತಾರೆ.