ಅವಧಿಪೂರ್ವ ಸಾಲ ತೀರುವಳಿ: ಶೇಡಬಾಳ ಸೀಮೆ

ಕಂತು ಗೊತ್ತುಮಾಡಿಕೊಂಡ ಸಾಲವನ್ನು ತೀರಿಸಲಾಗದೆ ತೊಂದರೆಯಲ್ಲಿರುವ ರೈತ, ಸಾಲ ಕೊಟ್ಟವರು ಒಪ್ಪಿದ ಮೊತ್ತವನ್ನು ಕಟ್ಟಿ ಗಡುವಿಗೆ ಮೊದಲೇ ಋಣಮುಕ್ತನಾಗುವ ಕ್ರಮ. ಕಾಗದಪತ್ರಗಳಲ್ಲಿ ಇದಕ್ಕೆ ಏಕಕಾಲಿಕ ತೀರುವಳಿ ಎಂದೂ ಆಡುಮಾತಿನಲ್ಲಿ ಓಟಿಎಸ್ ಎಂದೂ ಹೆಸರು.

ಹಿನ್ನೆಲೆ

ಬೆಳಗಾವಿ ಜಿಲ್ಲೆ ಕಾಗವಾಡ ತಾಲ್ಲೂಕಿನ ಶೇಡಬಾಳ, ಕೃಷ್ಣಾ ಬಯಲಿನ ಕಬ್ಬಿನ ಸೀಮೆಗೆ ಸೇರಿದ ಊರು. ಇಲ್ಲಿನ ಬೆಳೆಸಾಲ ಬಹುಮಟ್ಟಿಗೆ ಪಿಕೆಪಿಎಸ್ ಎಂದು ಕರೆಯಲಾಗುವ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಂದ ಬರುತ್ತದೆ. ಮರುಪಾವತಿಗೆ ಆಧಾರ ಕಬ್ಬಿನ ಬಿಲ್ಲು; ಕಾರ್ಖಾನೆಯ ಬಿಲ್ಲು ತಡವಾದರೆ ಕಂತೂ ತಪ್ಪುತ್ತದೆ. 2019ರ ಆಗಸ್ಟ್‌ನಂಥ ಪ್ರವಾಹ ಬಂದಾಗ ಬೆಳೆಸಾಲವನ್ನು ಅವಧಿ ಸಾಲವಾಗಿ ಪರಿವರ್ತಿಸಲು ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿ ಅವಕಾಶವಿದೆ. ಬೆಳೆಹಾನಿ ಶೇ. 33ರಿಂದ 50ರೊಳಗಿದ್ದರೆ 2 ವರ್ಷ, ಅದಕ್ಕೆ ಮೇಲ್ಪಟ್ಟರೆ 5 ವರ್ಷಗಳವರೆಗೆ ಕಾಲಾವಕಾಶ. ಎರಡರಲ್ಲೂ ಮೊದಲ ವರ್ಷ ವಸೂಲಿಗೆ ಬಿಡುವು. ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ.

ಇತಿಹಾಸ

ಬಡ್ಡಿಗೆ ಕಡಿವಾಣ ಹಾಕಿ ಸಾಲ ಮುಗಿಸುವ ಕ್ರಮ ಈ ಭಾಗಕ್ಕೆ ಹೊಸದಲ್ಲ. ಪಟವರ್ಧನ ಮನೆತನದ ಕೈಯಲ್ಲಿದ್ದ ಶೇಡಬಾಳ 1857ರಲ್ಲಿ ಬ್ರಿಟಿಷರ ವಶವಾಗಿ ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಪ್ರಾಂತದ ನ್ಯಾಯಾಲಯಗಳು ಹಿಂದೂ ಸಾಲಗಾರರ ವಿಷಯದಲ್ಲಿ ದಾಮದುಪ್ಪಟ್ಟಿನ ನಿಯಮವನ್ನು ಪಾಲಿಸುತ್ತಿದ್ದವು: ಒಮ್ಮೆಗೆ ವಸೂಲು ಮಾಡುವ ಬಾಕಿ ಬಡ್ಡಿ ಅಸಲನ್ನು ಮೀರಕೂಡದು. ನೂರು ರೂಪಾಯಿ ಅಸಲಿಗೆ ನೂರನಲವತ್ತು ಬಡ್ಡಿ ಏರಿದ್ದರೂ ಸಾವುಕಾರನಿಗೆ ಸಿಗುವುದು ಒಟ್ಟು ಇನ್ನೂರೇ. ಆದರೆ ಹಿಂದೆ ಕಟ್ಟಿದ ಬಡ್ಡಿ ಈ ಲೆಕ್ಕಕ್ಕೆ ಬರುತ್ತಿರಲಿಲ್ಲ. ವರ್ಷವರ್ಷವೂ ತಪ್ಪದೆ ಬಡ್ಡಿ ಕಟ್ಟಿದವನಿಗಿಂತ ಸುಮ್ಮನಿದ್ದವನಿಗೇ ನಿಯಮದ ಲಾಭ ಹೆಚ್ಚು.

1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳಲ್ಲಿ ರೈತರು ಸಾವುಕಾರರ ಸಾಲಪತ್ರಗಳನ್ನು ಸುಟ್ಟರು. ಅದರ ಫಲವಾಗಿ ಬಂದ 1879ರ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಮೊದಲು ನಾಲ್ಕು ಜಿಲ್ಲೆಗಳಿಗೆ ಸೀಮಿತವಾಗಿದ್ದು, ಮುಂದೆ ಪ್ರಾಂತದ ಇತರ ಭಾಗಗಳಿಗೂ ವಿಸ್ತರಿಸಿತು. ಪತ್ರದಲ್ಲಿ ಬರೆದ ಮೊತ್ತವನ್ನೇ ನಂಬದೆ ವ್ಯವಹಾರದ ಮೂಲವನ್ನು ಕೆದಕುವ, ಅಸಲು-ಬಡ್ಡಿಗಳ ಲೆಕ್ಕ ಬೇರೆಬೇರೆಯಾಗಿ ತೆಗೆಯುವ, ಕಂತು ಕಟ್ಟಿಕೊಡುವ ಅಧಿಕಾರ ನ್ಯಾಯಾಲಯಕ್ಕೆ ದೊರೆಯಿತು. ಸಾಲದ ಡಿಕ್ರಿಗಾಗಿ ಕೃಷಿಕನನ್ನು ಸೆರೆಗೆ ತಳ್ಳುವುದು ನಿಂತಿತು. 1939 ಮತ್ತು 1947ರ ಮುಂಬಯಿ ಕೃಷಿ ಸಾಲಗಾರರ ಪರಿಹಾರ ಕಾಯ್ದೆಗಳು ಇದೇ ಜಾಡಿನವು. ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ.

ಈಗಿನ ಕ್ರಮ

ರಾಜ್ಯ ಸರ್ಕಾರದ 2018ರ ಸಾಲಮನ್ನಾದ ಮಾತು ಹೆಚ್ಚು ಕೇಳಿಬಂದರೂ ತೀರುವಳಿಯ ದೃಷ್ಟಿಯಿಂದ 2024ರ ಬಡ್ಡಿಮನ್ನಾ ಯೋಜನೆಯೇ ಮುಖ್ಯವೆನ್ನಬಹುದು. ಸಹಕಾರಿ ಸಂಸ್ಥೆಗಳಲ್ಲಿ 2023ರ ಡಿಸೆಂಬರ್ 31ಕ್ಕೆ ಸುಸ್ತಿಯಾಗಿದ್ದ ಮಧ್ಯಮಾವಧಿ, ದೀರ್ಘಾವಧಿ ಕೃಷಿ ಸಾಲಗಳಿಗೆ ಅದು ಅನ್ವಯಿಸಿತು. 2024ರ ಫೆಬ್ರವರಿ 29ರೊಳಗೆ ಅಸಲು ಕಟ್ಟಿದವರ ಬಡ್ಡಿಯ ಹೊಣೆಯನ್ನು ಸರ್ಕಾರ ಹೊತ್ತಿತು.

ಇಂಥ ಯೋಜನೆ ಇಲ್ಲದಾಗ ರಿಯಾಯಿತಿ ಬ್ಯಾಂಕಿನ ವಿವೇಚನೆಗೆ ಬಿಟ್ಟದ್ದು. ಏಕಕಾಲಿಕ ತೀರುವಳಿಯನ್ನು ಸಾಲಗಾರ ಹಕ್ಕಾಗಿ ಕೇಳುವಂತಿಲ್ಲವೆಂದು ಸುಪ್ರೀಂ ಕೋರ್ಟ್ ಬಿಜನೋರ್ ನಗರ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ 2021ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿದೆ. ರಿಸರ್ವ್ ಬ್ಯಾಂಕಿನ 2023ರ ಜೂನ್ 8ರ ಸುತ್ತೋಲೆಯಂತೆ, ಒಪ್ಪಿದ ಹಣ ಸಂದಾಯಕ್ಕೆ ಮೂರು ತಿಂಗಳಿಗಿಂತ ಹೆಚ್ಚು ಸಮಯ ಕೊಟ್ಟರೆ ಅದು ಸಾಲದ ಪುನರ್‌ರಚನೆ ಎನಿಸುತ್ತದೆ. ಗಡುವಿನೊಳಗೆ ಹಣ ಹೊಂದಿಸಲು ಹೆಚ್ಚಿನ ಬಡ್ಡಿಗೆ ಕೈಗಡ ತಂದರೆ ತೀರುವಳಿಯ ಲಾಭ ಅಲ್ಲೇ ಕರಗುವ ಸಂಭವವುಂಟು.

ದಾಖಲೆ

ಹಣ ಕಟ್ಟಿದ ಮಾತ್ರಕ್ಕೆ ಜಮೀನು ಬಿಡುಗಡೆಯಾಗುವುದಿಲ್ಲ. ಸಂಘದಿಂದ ಬೇಬಾಕಿ ಪತ್ರ (ಬಾಕಿ ಇಲ್ಲವೆಂಬ ಪತ್ರ) ಪಡೆದು, ಉತಾರದ (ಪಹಣಿಯ) 11ನೇ ಕಾಲಂನಲ್ಲಿರುವ ಬೋಜಾ, ಅಂದರೆ ಸಾಲದ ನಮೂದು, ಕಡಿಮೆ ಮಾಡಿಸಿಕೊಳ್ಳಬೇಕು. ಬೋಜಾ ಹಾಗೇ ಉಳಿದರೆ ಆ ಜಮೀನಿನ ಮೇಲೆ ಬೇರೆ ಕಡೆ ಸಾಲ ಸಿಗುವುದು ಕಷ್ಟ. ರಿಯಾಯಿತಿ ಪಡೆದು ಮುಗಿಸಿದ ಬ್ಯಾಂಕ್ ಸಾಲ ಸಿಬಿಲ್ ವರದಿಯಲ್ಲಿ ‘ಕ್ಲೋಸ್ಡ್’ ಎಂಬುದರ ಬದಲು ‘ಸೆಟಲ್ಡ್’ ಎಂದು ದಾಖಲಾಗುವುದುಂಟು; ಹೊಸ ಸಾಲ ಕೊಡುವವರು ಇವೆರಡನ್ನೂ ಒಂದೇ ಎಂದು ಎಣಿಸುವುದಿಲ್ಲ.